ಓದುಗರ ಪ್ರಶ್ನೆ, ನಮ್ಮ ಉತ್ತರ: ಉಗುರಿನಷ್ಟು ಕಲ್ಲಿಗೆ ಮೂರು ಆಯಾಮದ ಮಾದರಿ

ಪ್ರಶ್ನೆ: ನಮ್ಮ ಕಾಲೇಜಿನ ಸಂಗ್ರಹದಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದದ ಸೂಕ್ಷ್ಮ ಶಿಲೋಪಕರಣಗಳಿವೆ. ಮ್ಯಾಕ್ರೋ ಲೆನ್ಸಿನಲ್ಲಿ ಸುತ್ತಲೂ 60 ಚಿತ್ರ ತೆಗೆದು ಫೋಟೋಗ್ರಾಮೆಟ್ರಿ ತಂತ್ರಾಂಶಕ್ಕೆ ಕೊಟ್ಟರೆ, ಬಂದ ಮಾದರಿ ಕರಗಿದ ಮೇಣದಂತಿದೆ, ಅಂಚುಗಳೇ ಇಲ್ಲ. ಬೇರೆ ತಂತ್ರಾಂಶ ಕೊಳ್ಳಬೇಕೆ?
— ಇತಿಹಾಸ ಉಪನ್ಯಾಸಕರೊಬ್ಬರು, ಬಳ್ಳಾರಿ ಜಿಲ್ಲೆ

ಉತ್ತರ: ಕೊಳ್ಳಬೇಕಿಲ್ಲ. ಕಲ್ಲಿನ ಮೇಲಿನ ಒಂದೇ ಗುರುತನ್ನು ಹಲವು ಚಿತ್ರಗಳಲ್ಲಿ ಹುಡುಕಿ, ಅದು ಚಿತ್ರದಿಂದ ಚಿತ್ರಕ್ಕೆ ಎಷ್ಟು ಸರಿದಿದೆ ಎಂಬುದರಿಂದ ಅದರ ಸ್ಥಾನವನ್ನು ಲೆಕ್ಕ ಹಾಕುವುದೇ ಈ ತಂತ್ರಾಂಶಗಳೆಲ್ಲದರ ಕೆಲಸ. ಮಸುಕಾದ ಭಾಗದಲ್ಲಿ ಗುರುತೇ ಇಲ್ಲದಿರುವುದರಿಂದ ಯಾವ ತಂತ್ರಾಂಶವೂ ಅಲ್ಲಿ ಊಹೆಯನ್ನಷ್ಟೇ ತುಂಬುತ್ತದೆ. ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್) ಕ್ಯಾಮೆರಾದಲ್ಲಿ ವಸ್ತುವಿನ ನಿಜ ಅಳತೆಯಷ್ಟೇ ಬಿಂಬ ಮೂಡುವಂತೆ ದ್ಯುತಿರಂಧ್ರವನ್ನು (ಲೆನ್ಸಿನೊಳಗೆ ಬೆಳಕು ಬರುವ ತೂತನ್ನು) ಎಫ್/8ರಲ್ಲಿಟ್ಟು ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ದ್ಯುತಿರಂಧ್ರವನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಆಳ ಹೆಚ್ಚುತ್ತದೆ, ನಿಜ. ಆದರೆ ಅಷ್ಟು ಹತ್ತಿರದಲ್ಲಿ ಅದು ಎಫ್/32ರಂತೆ ವರ್ತಿಸಿ, ಬೆಳಕಿನ ವಿವರ್ತನೆಯಿಂದ (ಕಿರಿದಾದ ತೂತಿನಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರವೇ ಮೃದುವಾಗುತ್ತದೆ.

ಇದಕ್ಕೆ ದಾರಿ ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾವನ್ನು ಹಳಿಯ ಮೇಲೆ ಅರ್ಧರ್ಧ ಮಿಲಿಮೀಟರ್ ಸರಿಸುತ್ತ ತೆಗೆದ ಚಿತ್ರಗಳಿಂದ ಸ್ಪಷ್ಟ ಭಾಗಗಳನ್ನಷ್ಟೇ ಆಯ್ದು ಒಂದು ಚಿತ್ರವಾಗಿ ಕೂಡಿಸಬೇಕು. 12 ಮಿಲಿಮೀಟರ್ ಆಳಕ್ಕೆ 25 ಚಿತ್ರಗಳಾದರೆ, 10 ಡಿಗ್ರಿಗೊಮ್ಮೆ ತಿರುಗಿಸಿದ ಒಂದು ಸುತ್ತಿಗೆ 900 ಚಿತ್ರಗಳಾಗುತ್ತವೆ. ಶ್ರಮದ ಕೆಲಸವೇ ಹೌದು. ಪ್ರತಿ ಕೋನದಲ್ಲೂ ಹೆಜ್ಜೆಯ ಅಳತೆ ಒಂದೇ ಇರಲಿ, ಆಟೋಫೋಕಸ್ ಆಫ್ ಆಗಿರಲಿ. ಕಲ್ಲು ತಿರುಗುವಾಗ ಹಿನ್ನೆಲೆ ನಿಂತೇ ಇರುವುದರಿಂದ, ತಂತ್ರಾಂಶ ಗೊಂದಲಕ್ಕೆ ಬೀಳದಂತೆ ಹಿಂದೆ ಗುರುತುಗಳಿಲ್ಲದ ಕಪ್ಪು ಬಟ್ಟೆ ಇರಲಿ.

ಅಂಚು ಕಳೆದುಹೋಗಲು ಇನ್ನೊಂದು ಕಾರಣವನ್ನೂ ನಾನು ಶಂಕಿಸುತ್ತೇನೆ. ತೆಳುವಾದ ಚಕ್ಕೆಯನ್ನು ಮಲಗಿಸಿ ಒಂದು ಮುಖವನ್ನೂ, ಮಗುಚಿ ಇನ್ನೊಂದನ್ನೂ ತೆಗೆದಿದ್ದರೆ, ಎರಡೂ ಮುಖಗಳನ್ನು ಬೆಸೆಯುವ ಸಮಾನ ಗುರುತುಗಳು ಸಾಕಷ್ಟು ಸಿಗುವುದಿಲ್ಲ. ಸಂರಕ್ಷಣೆಗೆ ಒಗ್ಗುವ ಆಸರೆಯಲ್ಲಿ ಅದನ್ನು ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಆಗ ಒಂದೇ ಸುತ್ತಿನಲ್ಲಿ ಎರಡು ಮುಖಗಳೂ ಅವುಗಳ ನಡುವಿನ ಅಂಚೂ ಸೆರೆಯಾಗುತ್ತವೆ. ಬಳಿಕ ತಲೆಕೆಳಗು ಮಾಡಿ ಮತ್ತೊಂದು ಸುತ್ತು ತೆಗೆಯಿರಿ. ಈ ಅಂಚಿಗಾಗಿ ಇಷ್ಟು ಹೇಳುವುದಕ್ಕೆ ಕಾರಣವಿದೆ: ಸೂಕ್ಷ್ಮ ಶಿಲೋಪಕರಣದ ಒಂದು ಬದಿಯನ್ನು ಬೇಕೆಂದೇ ಮೊಂಡಾಗಿಸಿ ಮರದ ಇಲ್ಲವೇ ಮೂಳೆಯ ಹಿಡಿಗೆ ಕೂರಿಸುತ್ತಿದ್ದರು, ಆ ಕೈಕೆಲಸದ ಸಾಕ್ಷ್ಯವೆಲ್ಲ ಅಲ್ಲಿನ ಮಿಲಿಮೀಟರ್ ಗಾತ್ರದ ಚಕ್ಕೆಗುರುತುಗಳಲ್ಲೇ ಇದೆ. ಅದು ಕರಗಿಹೋದ ಮಾದರಿಯಿಂದ ವಿದ್ಯಾರ್ಥಿ ಏನನ್ನು ತಾನೆ ಕಲಿತಾನು?

ನಿಮ್ಮ ಕಲ್ಲುಗಳು ಕ್ಯಾಲ್ಸೆಡೊನಿ ಅಥವಾ ಅಗೇಟ್ ಆಗಿದ್ದರೆ ಹೊಳಪು, ಅರೆಪಾರದರ್ಶಕತೆ ಎರಡೂ ಕಾಡುತ್ತವೆ. ದೀಪಕ್ಕೆ ಪೋಲರೈಸಿಂಗ್ ಹಾಳೆಯನ್ನೂ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕ) ಲೆನ್ಸಿಗೆ ಅಡ್ಡ ತಿರುಗಿಸಿದ ಪೋಲರೈಸರನ್ನೂ ಹಾಕಿದರೆ ಹೊಳಪು ಬಹುಮಟ್ಟಿಗೆ ಅಳಿಯುತ್ತದೆ. ಕಲ್ಲಿನೊಳಗೆ ಹೊಕ್ಕು ಚದುರುವ ಬೆಳಕಿಗೆ ಅಂತಹ ಸುಲಭ ಮದ್ದಿಲ್ಲ. ತಾನಾಗಿ ಆವಿಯಾಗುವ ಸೈಕ್ಲೋಡೋಡೆಕೇನ್ ಲೇಪನವಿದೆಯಾದರೂ, ಸಂರಕ್ಷಣಾ ತಜ್ಞರ ಒಪ್ಪಿಗೆಯಿಲ್ಲದೆ ದಯವಿಟ್ಟು ಅದನ್ನು ಬಳಸಬೇಡಿ.

ಮಾದರಿಗೆ ನಿಜವಾದ ಅಳತೆ ಕೊಡಲು ಕಲ್ಲಿನ ಪಕ್ಕದಲ್ಲಿಡುವ ಅಳತೆಪಟ್ಟಿಯನ್ನು ಮನೆಯ ಪ್ರಿಂಟರಿನಲ್ಲಿ ಮುದ್ರಿಸಬೇಡಿ. 20 ಮಿಲಿಮೀಟರಿನಲ್ಲಿ 0.1 ಮಿಲಿಮೀಟರ್ ತಪ್ಪಿದರೂ ಶೇ. 0.5 ವ್ಯತ್ಯಾಸವಾಗುತ್ತದೆ. ಕೊರೆದ ಗೆರೆಗಳಿರುವ ಅಳತೆಗೋಲನ್ನಿಟ್ಟು, ಸಿದ್ಧವಾದ ಮಾದರಿಯನ್ನು ಪ್ಲಾಸ್ಟಿಕ್ ಕ್ಯಾಲಿಪರಿನಿಂದ ಅಳೆದ ನಿಜವಾದ ಉದ್ದದೊಡನೆ ಹೋಲಿಸಿ ನೋಡಿ.

ಪ್ರಶ್ನೆ: ಸವೆದ ನಾಣ್ಯಗಳಿಗೂ ಇದೇ ಕ್ರಮವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಕ್ಷರ ಓದುವುದಷ್ಟೇ ಉದ್ದೇಶವಾದರೆ ಬೇಡ. ಕ್ಯಾಮೆರಾವನ್ನು ಅಲುಗಿಸದೆ, ಬೆಳಕನ್ನು ಮಾತ್ರ ಹಲವು ದಿಕ್ಕುಗಳಿಂದ ಬೀರಿ ತೆಗೆದ ಚಿತ್ರಗಳನ್ನು ಕೂಡಿಸುವ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್) ವಿಧಾನ ಇದಕ್ಕೆ ಹೆಚ್ಚು ಸೂಕ್ತ. ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಕೆಲಸ ಇದರ ಮೂಲ. ಪರದೆಯ ಮೇಲೆ ಬೆಳಕನ್ನು ಓರೆಯಾಗಿಸುತ್ತ ಹೋದಂತೆ ಸವೆದ ಗೆರೆಗಳು ಎದ್ದು ಕಾಣುತ್ತವೆ. ಆಳದ ಅಳತೆ ಮಾತ್ರ ಇದರಿಂದ ನೇರವಾಗಿ ದೊರೆಯುವುದಿಲ್ಲ.