ಗಿರಣಿಗೆ ಹೊಸ ಆದಾಯ ಬೇಕು, ಯುಗಾದಿಯೊಳಗೇ ಬೇಕು ಎಂದವರಿಗೆ

ಹಿಟ್ಟಿನ ಗಿರಣಿ ಇದೆ, ಯುಗಾದಿಯೊಳಗೆ ತಿಂಗಳಿಗೆ 20 ಸಾವಿರ ಹೆಚ್ಚಿಗೆ ಬರೋ ಹಾಗೆ ಮಾಡಿಯೇ ತೀರಬೇಕು ಅಂತ ಹಟ ತೊಟ್ಟಿದ್ದೀನಿ, ಗಾಣದ ಎಣ್ಣೆ, ಮಸಾಲೆ ಪುಡಿ, ಸಿರಿಧಾನ್ಯದ ಹಿಟ್ಟು ಈ ಮೂರರಲ್ಲಿ ಯಾವುದು ಬೇಗ ದುಡ್ಡು ತರುತ್ತೆ ಎಂದು ಕೇಳಿದ್ದೀರಿ. 2021ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ನಿಮ್ಮದು ಯುಗಾದಿ, ನನ್ನದು ದೀಪಾವಳಿ, ಅಷ್ಟೇ ವ್ಯತ್ಯಾಸ.

ನಮ್ಮದು ಚಳ್ಳಕೆರೆ ಕಡೆ, ಅಪ್ಪನ ಕಾಲದ ಗಿರಣಿ. ರಾಗಿ, ಜೋಳ, ಗೋಧಿ ಬೀಸಿದ ಕೂಲಿಯಲ್ಲೇ ನಾವೆಲ್ಲ ಓದಿದ್ದು, ಅಕ್ಕನ ಮದುವೆ ಆಗಿದ್ದು. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗೋಕೆ ಶುರುವಾದ ಮೇಲೆ ಡಬ್ಬಿ ಹಿಡಿದು ಬರೋರು ಕಡಿಮೆಯಾದರು, ಲಾಕ್‌ಡೌನ್ ಬಂದು ಇನ್ನಷ್ಟು ಪೆಟ್ಟು ಬಿತ್ತು. ಮಗಳ ಕಾಲೇಜು ಫೀ ತಲೆ ಮೇಲಿತ್ತು. ಅದೇ ವರ್ಷ ಅಡುಗೆ ಎಣ್ಣೆ ರೇಟು ಎಲ್ಲಾ ಕಡೆ ವಿಪರೀತ ಏರಿತ್ತು, ಗಿರಣಿಗೆ ಬಂದ ಹೆಂಗಸರ ಬಾಯಲ್ಲೂ ಅದೇ ಮಾತು. ಚಳ್ಳಕೆರೆಗೆ ಎಣ್ಣೆ ನಗರಿ ಅಂತಲೇ ಹೆಸರು. ಇಲ್ಲಿ ಹುಟ್ಟಿ ಬೆಳೆದವನು ನಾನು, ಎಣ್ಣೆ ಬಿಟ್ಟು ಬೇರೇನು ಮಾಡಲಿ ಎನ್ನಿಸಿತು. ಮೋಟರಿನಿಂದ ಓಡೋ ಮರದ ಗಾಣ ಹಾಕೋದು, ದೀಪಾವಳಿಗೆ ಮುಂಚೆ ಬಾಟಲಿ ಮಾರುಕಟ್ಟೆಗೆ ಬಿಡೋದು ಎಂದು ತೀರ್ಮಾನ ಮಾಡಿದೆ. ಆ ತಾರೀಖನ್ನು ಯಾರೂ ನನ್ನ ಮೇಲೆ ಹೇರಿರಲಿಲ್ಲ. ಬ್ಯಾಂಕಿನವರು ಕೇಳಿರಲಿಲ್ಲ, ಗಿರಾಕಿಗಳು ಕೇಳಿರಲಿಲ್ಲ, ಮನೆಯಲ್ಲೂ ಕೇಳಿರಲಿಲ್ಲ.

ಈಗ ನಾನು ಎಡವಿದ್ದೆಲ್ಲಿ ಅಂತ ಬಿಡಿಸಿ ಹೇಳುತ್ತೀನಿ, ಸ್ವಲ್ಪ ಉದ್ದವಾದರೂ ಓದಿ. ನಿಮಗೆ ಉಪಯೋಗಕ್ಕೆ ಬರೋದು ಇದೊಂದೇ.

ನಮ್ಮ ಕಡೆ ಮುಂಗಾರು ಶೇಂಗಾ ಜೂನ್-ಜುಲೈಗೆ ಬಿತ್ತುತ್ತಾರೆ, ಅಕ್ಟೋಬರ್-ನವೆಂಬರ್‌ನಲ್ಲಿ ಕೀಳುತ್ತಾರೆ. ಆ ವರ್ಷ ದೀಪಾವಳಿ ನವೆಂಬರ್ ಮೊದಲ ವಾರಕ್ಕೇ ಬಂತು. ಅಂದರೆ ನನಗೆ ಕಾಳು ಬೇಕಾಗಿದ್ದ ಹೊತ್ತಿಗೆ ಹಳೆ ಕಾಯಿ ಮುಗಿಯುತ್ತಾ ಬಂದು ದುಬಾರಿಯಾಗಿತ್ತು, ಹೊಸ ಕಾಯಿ ಆಗಷ್ಟೇ ಹೊಲದಿಂದ ಬರುತ್ತಿತ್ತು. ಕಿತ್ತ ಹೊಸದರಲ್ಲಿ ಶೇಂಗಾದಲ್ಲಿ ನೂರಕ್ಕೆ 30-40 ಪಾಲು ನೀರೇ ಇರುತ್ತದೆ. ಒಣಗಿಸಿ ಒಣಗಿಸಿ ಅದು ನೂರಕ್ಕೆ 8ರ ಆಸುಪಾಸಿಗೆ ಇಳಿಯಬೇಕು. ಆಗಲೇ ಅದು ಇಡೋಕೂ ಸೈ, ಗಾಣಕ್ಕೂ ಸೈ. ಹಸಿ ಇರುವಾಗಲೇ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ, ಅದು ಲಿವರ್‌ಗೆ ಕೆಟ್ಟದ್ದು. ಆ ಸಾಲಿನಲ್ಲಿ ಕೀಳೋ ಹೊತ್ತಿಗೆ ಮಳೆ ಬೇರೆ ಬಿಡಲಿಲ್ಲ. ಹೊಲದಲ್ಲಿ ಗುಡ್ಡೆ ಹಾಕಿದ ಬಳ್ಳಿಯನ್ನು ರೈತರು ತಿರುವಿ ಹಾಕೋದೇ ಕೆಲಸವಾಗಿತ್ತು.

ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ನಾನೂ ಶೇಂಗಾ ಕಿತ್ತ ಮನೆಯವನೇ. ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನಬೇಕು. ಕಾಳನ್ನು ಎರಡು ಬೆರಳಲ್ಲಿ ಉಜ್ಜಿದರೆ ಕೆಂಪು ಸಿಪ್ಪೆ ಉದುರಬೇಕು. ಹಲ್ಲಿಗಿಟ್ಟು ಕಚ್ಚಿದರೆ ಕಟ್ ಅಂತ ಮುರಿಯಬೇಕು. ನಾನು ಕೊಂಡ ಕಾಳು ಮುರಿಯಲಿಲ್ಲ, ಹಲ್ಲಿಗೆ ಮೆತ್ತಗೆ ಸಿಕ್ಕಿತು. ಮೆತ್ತಗಿದೆ ಎಂದು ಗೊತ್ತಾಗಿಯೂ ಚೀಲ ಇಳಿಸಿಕೊಂಡೆ. ಇಳಿಸಿಕೊಳ್ಳದಿದ್ದರೆ ದೀಪಾವಳಿ ತಪ್ಪುತ್ತಿತ್ತಲ್ಲ!

ಗಾಣದಲ್ಲಿ ತೇವದ ಹದ ಬಹಳ ಸೂಕ್ಷ್ಮ. ಕಾಳು ತೀರಾ ಒಣಗಿದ್ದರೆ ಪುಡಿಯಾಗಿ ಎಣ್ಣೆ ಬಿಡೋಲ್ಲ, ಅದಕ್ಕೇ ಗಾಣದವರು ಒಂದಿಷ್ಟು ನೀರು ಚಿಮುಕಿಸುತ್ತಾರೆ, ಎಳ್ಳಿಗಾದರೆ ಬೆಲ್ಲ ಹಾಕುತ್ತಾರೆ. ಹಸಿ ಇದ್ದರೆ ಉಲ್ಟಾ. ಒನಕೆಯ ಸುತ್ತ ಹಿಟ್ಟಿನ ಮುದ್ದೆ ಥರ ಕಟ್ಟಿಕೊಂಡು ಮೇಲಕ್ಕೆ ಹತ್ತುತ್ತದೆ, ಎಣ್ಣೆ ಬಂದರೂ ಮಜ್ಜಿಗೆಯ ಬಣ್ಣಕ್ಕೆ ಬರುತ್ತದೆ. ಒಳ್ಳೆಯ ಕಾಳಿನ ಎಣ್ಣೆಯನ್ನೂ ಸ್ಟೀಲ್ ಪಾತ್ರೆಗೆ ಹಾಕಿ, ತೆಳು ಬಟ್ಟೆ ಕಟ್ಟಿ, ಮೂರ್ನಾಲ್ಕು ದಿನವಾದರೂ ಬಿಸಿಲಿಗಿಟ್ಟು ಗಸಿ ಇಳಿಸಬೇಕು. ನನ್ನ ಎಣ್ಣೆಗೆ ಅದಕ್ಕಿಂತ ಹೆಚ್ಚು ದಿನ ಬೇಕಿತ್ತು, ಬಿಸಿಲೂ ಬೇಕಿತ್ತು. ಹೊರಗೆ ಮೋಡ, ಒಳಗೆ ನನ್ನ ಅವಸರ. ಗಸಿ ಇಳಿಯೋ ಮುಂಚೆಯೇ ಸೋಸಿ ಬಾಟಲಿಗೆ ತುಂಬಿಸಿದೆ, ಲೇಬಲ್ ಅಂಟಿಸಿದೆ, ಪರಿಚಯದ ಕಿರಾಣಿ ಅಂಗಡಿಗಳಿಗೆ ಹಾಕಿಬಂದೆ. ಹಬ್ಬಕ್ಕೆ ಮುಂಚೆ ಬಾಟಲಿ ಅಂಗಡಿಯಲ್ಲಿತ್ತು. ನಾನು ಅಂದುಕೊಂಡ ಗುರಿ ಅಷ್ಟೇ, ಅದು ಮುಟ್ಟಿತು.

ತೇವ ಮತ್ತು ಗಸಿ ಇರೋ ಎಣ್ಣೆ ಕಾದಾಗ ನೊರೆ ಉಕ್ಕುತ್ತದೆ. ಹಬ್ಬದಲ್ಲಿ ಜನ ಕರಿಯೋದಕ್ಕೇ ಎಣ್ಣೆ ಒಯ್ಯೋದು. ನಮ್ಮಮ್ಮನ ಕಾಲದಿಂದ ನಮ್ಮಲ್ಲೇ ರಾಗಿ ಬೀಸಿಸೋ ಅಜ್ಜಿಯೊಬ್ಬರು ಹಬ್ಬದ ಮಾರನೇ ದಿನ ಅರ್ಧ ಉಳಿದ ಬಾಟಲಿ ತಂದು ಗಿರಣಿ ಕಟ್ಟೆ ಮೇಲಿಟ್ಟರು. "ಕಜ್ಜಾಯ ಬಿಡ್ತಿದ್ದಂಗೆ ಬಾಂಡ್ಲಿ ಉಕ್ಕಿ ಎಣ್ಣೆ ಒಲೆ ಮ್ಯಾಲೆ ಬಿತ್ತಪ್ಪ, ಸೊಸೆ ಕೈ ಸ್ವಲ್ಪದ್ರಲ್ಲಿ ಉಳೀತು" ಎಂದರು. ದುಡ್ಡು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನಮ್ಮನೇಲಿ ಶೇಂಗಾ ಐತೆ. ಒಣಗಲಿ, ನಾನೇ ತರ್ತೀನಿ. ನನ್ನ ಎದ್ರಿಗೇ ಆಡಿಸಿಕೊಡು" ಎಂದು ಹೋದರು. ಅಂಗಡಿಯವರು ಅಷ್ಟು ಮೆತ್ತಗೆ ಮಾತಾಡಲಿಲ್ಲ. ಬಾಟಲಿ ವಾಪಸ್ ಬಂತು, ಬಾಕಿ ಬರಲಿಲ್ಲ. ಎಣ್ಣೆಯನ್ನೆಲ್ಲ ದೀಪಕ್ಕೆಂದು ದೇವಸ್ಥಾನಕ್ಕೆ ಕೊಟ್ಟೆ.

ಅವಸರಕ್ಕೆ ಇನ್ನೊಂದು ಬೆಲೆಯನ್ನೂ ತೆತ್ತಿದ್ದೀನಿ. ಪಿಎಂಎಫ್‌ಎಂಇ ಅನ್ನೋ ಕೇಂದ್ರ ಸರ್ಕಾರದ ಕಿರು ಆಹಾರ ಘಟಕಗಳ ಯೋಜನೆ 2020ರಲ್ಲೇ ಬಂದಿತ್ತು. ಸಣ್ಣ ಆಹಾರ ಘಟಕಗಳಿಗೆ ಆ ಯೋಜನೆಯಡಿ ಶೇಕಡ 35 ಸಹಾಯಧನವಿತ್ತು, ಅದಕ್ಕೆ ಕರ್ನಾಟಕ ಸರ್ಕಾರ 15 ಸೇರಿಸಿ ಒಟ್ಟು ಶೇಕಡ 50 ಕೊಡುತ್ತಿತ್ತು, ನಮ್ಮ ರಾಜ್ಯದಲ್ಲಿ ಕೆಪೆಕ್ ಅನ್ನೋ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ. ಸಾಲ ಮಂಜೂರಾಗೋವರೆಗೆ ಕಾಯಬೇಕು. ಕಾದರೆ ದೀಪಾವಳಿ ದಾಟುತ್ತದೆ ಎಂದು ಹೆಂಡತಿಯ ಬಳೆ ಅಡವಿಟ್ಟು ನಗದು ಕೊಟ್ಟು ಗಾಣ ತಂದೆ. ಹಾಗೆ ಕೊಂಡ ಮಷಿನಿಗೆ ಆಮೇಲೆ ಯಾರೂ ಸಹಾಯಧನ ಕೊಡೋದಿಲ್ಲ. ನೀವು ಮಾತ್ರ ಮುಂಗಡ ಕೊಡೋ ಮೊದಲು ಜಿಲ್ಲೆಯ ಕೃಷಿ ಇಲಾಖೆ ಕಚೇರಿಗೆ ಹೋಗಿ ಯೋಜನೆ ಈಗ ಯಾವ ಹಂತದಲ್ಲಿದೆ ಎಂದು ಕೇಳಿಕೊಂಡು ಬನ್ನಿ.

ಸಂಕ್ರಾಂತಿ ಕಳೆದ ಮೇಲೆ ಆ ಅಜ್ಜಿ ನಿಜವಾಗಿಯೂ ಮೊಮ್ಮಗನ ಬೈಕಿನಲ್ಲಿ ಚೀಲ ಹೊರಿಸಿಕೊಂಡು ಬಂದರು. ಗಲಗಲ ಅನ್ನೋ ಕಾಯಿ. ಅವರು ಸ್ಟೂಲ್ ಹಾಕಿಕೊಂಡು ಗಾಣದ ಪಕ್ಕದಲ್ಲೇ ಕೂತರು. ಎಣ್ಣೆ ಕ್ಯಾನಿಗೆ, ಹಿಂಡಿ ಎಮ್ಮೆಗೆ ಎಂದು ಎರಡೂ ಒಯ್ದರು, ನನಗೆ ಆಡಿಸಿದ ಕೂಲಿ ಕೊಟ್ಟರು. ಮುಂದಿನ ವಾರ ಅವರ ಕೇರಿಯವರು ಬಂದರು. ಆಗ ನನಗೆ ಅರ್ಥವಾಯಿತು: ಶೇಂಗಾ ಬೆಳೆಯೋ ಊರಲ್ಲಿ, ಮನೆಮನೆಯಲ್ಲಿ ಕಾಯಿ ಚೀಲ ಇರೋ ಜನಕ್ಕೆ ನಾನು ಶೇಂಗಾ ಎಣ್ಣೆಯ ಬಾಟಲಿ ಮಾರಲು ಹೊರಟಿದ್ದೆ. ಅವರಿಗೆ ಇಲ್ಲದಿದ್ದದ್ದು ಎಣ್ಣೆಯಲ್ಲ, ನಂಬಿಕೆಯ ಗಾಣ.

ಲೆಕ್ಕ ನೋಡಿ. ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ಎರಡೂವರೆ ಕೆ.ಜಿ. ಕಾಳು ಬೇಕು. ಆ ಕಾಳಿನ ದುಡ್ಡು, ಬಾಟಲಿ, ಲೇಬಲ್, ಅಂಗಡಿಯವರ ಕಮಿಷನ್ ಸೇರಿದರೆ ನಿಮ್ಮ ಬಾಟಲಿ ಪಕ್ಕದ ರಿಫೈನ್ಡ್ ಪ್ಯಾಕೆಟ್ಟಿನ ಎದುರು ನಿಲ್ಲೋದು ಬಲು ಕಷ್ಟ. ಎಣ್ಣೆಯನ್ನು ಬಿಡಿಯಾಗಿ ಅಳೆದು ಮಾರೋಕೂ ಕಾನೂನಿನಲ್ಲಿ ಅವಕಾಶವಿಲ್ಲ. ಕೂಲಿಗೆ ಆಡಿಸಿದರೆ ಕಾಳು ಅವರದು, ಕ್ಯಾನು ಅವರದು, ಉದ್ರಿ ಇಲ್ಲ, ಉಳಿಕೆ ಇಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ) ನೋಂದಣಿ ಮಾತ್ರ ಮಾಡಿಸಿಕೊಳ್ಳಿ. ನಾನು ಮಾಡಿಸಿದಾಗ 12 ಲಕ್ಷದೊಳಗಿನ ವಾರ್ಷಿಕ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು. ಈಗ ಡಿಸೆಂಬರಿನಿಂದ ಬೇಸಿಗೆ ಮುಗಿಯೋವರೆಗೆ ನನ್ನ ಗಾಣ ಬಿಡುವಿಲ್ಲದೆ ಓಡುತ್ತದೆ. ಮಳೆಗಾಲದಲ್ಲಿ ಹೊಸದುರ್ಗದ ಕಡೆಯಿಂದ ಕೊಬ್ಬರಿ ತರೋರು ಇದ್ದಾರೆ, ಹುಚ್ಚೆಳ್ಳು, ಕುಸುಬೆ ತರೋರೂ ಇದ್ದಾರೆ. ಬಳೆ ಬಿಡಿಸಿಕೊಂಡೆ, ಮಗಳ ಡಿಗ್ರಿ ಮುಗಿಯಿತು.

ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಯಾವುದು ಬೇಗ ದುಡ್ಡು ತರುತ್ತೆ ಎಂದು ಕೇಳಬೇಡಿ. ನಿಮ್ಮ ಗಿರಣಿಗೆ ಈಗ ಬರೋರು ಮನೆಯಲ್ಲಿ ಏನು ಇಟ್ಟುಕೊಂಡಿದ್ದಾರೆ, ಅದಕ್ಕೆ ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಕೇಳಿ. ಬರೋ ಆದಾಯಕ್ಕೆ ತಾರೀಖು ಕಟ್ಟೋದು ನನ್ನ ಪ್ರಕಾರ ತಪ್ಪೇ, ಅದು ನಮ್ಮ ಕೈಯಲ್ಲಿಲ್ಲ. ಖರ್ಚಿಗೆ ಬೇಕಾದರೆ ತಾರೀಖು ಕಟ್ಟಿ: ಇಂಥ ದಿನದೊಳಗೆ ಇಷ್ಟು ಜನ ತಾವಾಗಿಯೇ ಎರಡನೇ ಸಲ ಬರದಿದ್ದರೆ ಇದಕ್ಕೆ ಇನ್ನೊಂದು ರೂಪಾಯಿ ಹಾಕೋದಿಲ್ಲ ಅಂತ.

ಯುಗಾದಿಯೇ ಆಗಬೇಕು ಎಂದು ನಿಮ್ಮ ಮನಸ್ಸಿದ್ದರೆ ಎಣ್ಣೆ, ಸಿರಿಧಾನ್ಯ ಎರಡನ್ನೂ ಪಕ್ಕಕ್ಕಿಟ್ಟು ಖಾರದ ಪುಡಿ ನೋಡಿ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಜೋರಾಗಿ ಬರೋದು ಫೆಬ್ರುವರಿ-ಮಾರ್ಚಿನಲ್ಲಿ. ಮನೆಗಳಲ್ಲಿ ವರ್ಷದ ಖಾರ ಮಾಡಿಸಿಡೋದೂ ಆ ಬೇಸಿಗೆಯಲ್ಲೇ, ಮಳೆ ಬೀಳೋ ಮುಂಚೆ. ಅಲ್ಲಿ ನಿಮ್ಮ ತಾರೀಖು ಬೆಳೆಗೆ ಹೊಂದುತ್ತದೆ. ಪುಡಿ ಮಾಡಿ ಪ್ಯಾಕೆಟ್ ಕಟ್ಟೋ ಯೋಚನೆ ಬಿಡಿ, ಅವರ ಮೆಣಸಿನಕಾಯಿಯನ್ನೇ ಕೂಲಿಗೆ ಪುಡಿ ಮಾಡಿಕೊಡಿ. ರಾಗಿ ಬೀಸೋ ಕಲ್ಲಿಗೆ ಮಾತ್ರ ಖಾರ ಹಾಕಬೇಡಿ, ಘಾಟು ಬಿಡೋದಿಲ್ಲ, ಇರೋ ಗಿರಾಕಿಗಳನ್ನೂ ಕಳೆದುಕೊಳ್ಳುತ್ತೀರಿ. ಅದಕ್ಕೆ ಬೇರೆಯೇ ಮಷಿನ್ ಬೇಕು, ಗಾಳಿ ಹೊರಹೋಗೋ ಬೇರೆ ಕೋಣೆ ಬೇಕು. ಮೊದಲ ಬೇಸಿಗೆಗೆ ಮಷಿನನ್ನು ಬಾಡಿಗೆಗೋ ಸೆಕೆಂಡ್ ಹ್ಯಾಂಡೋ ತನ್ನಿ.

ನಿಮ್ಮ ಊರು ಯಾವುದು, ಸುತ್ತಮುತ್ತ ಏನು ಬೆಳೆಯುತ್ತಾರೆ ಎಂದು ನೀವು ಬರೆದಿಲ್ಲ. ಮಷಿನಿಗೆ ಮುಂಗಡ ಕೊಡೋ ಮೊದಲು ಅದನ್ನು ತಿಳಿಸಿ, ಗೊತ್ತಿದ್ದಷ್ಟು ಹೇಳುತ್ತೀನಿ.