ಅಟ್ಟಣೆಗೆ ಹೋಗುವ ದಾರಿ: ಮರೆಗಿಂತ ಮೊದಲು ಗಾಳಿ ನೋಡಿ

ಸರ್, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಗೆ ಹತ್ತಡಿ ಎತ್ತರದ, ಬಾಗಿಲಿರುವ ಅಟ್ಟಣೆ, ಮುಂದೆ ಜಿಂಕೆ ಮೇಯುವ ಕ್ಲೋವರ್ ಮೇವಿನ ಹೊಲ, ಪಶ್ಚಿಮಕ್ಕೆ ಜಿಂಕೆ ಮಲಗುವ ಕಾಡು. ಏಣಿ ಹತ್ತುವಷ್ಟರಲ್ಲಿ ಜಿಂಕೆಗಳು ಬಾಲ ಎತ್ತಿ ಓಡುತ್ತವೆ, ನಡೆದು ಬರುವುದು ಕಾಣದ ಹಾಗೆ ಮರೆಗೆ ಏನು ಬಿತ್ತಲಿ ಅಂತ ಕೇಳಿದ್ದೀರಿ. ಬಿತ್ತನೆ ಆಮೇಲೆ. ಮೊದಲು ಗಾಳಿ.

ಅಲ್ಲಿನ ವೈಟ್‌ಟೇಲ್ (ಬಿಳಿ ಬಾಲದ) ಜಿಂಕೆ ಮೂಗನ್ನೇ ಜಾಸ್ತಿ ನಂಬುತ್ತದೆ. ಎಷ್ಟೇ ಎತ್ತರ ಹುಲ್ಲು ಬೆಳೆಸಿದರೂ ವಾಸನೆ ನಿಲ್ಲಲ್ಲ. ವಾಯುವ್ಯದ ಗಾಳಿ ಇರುವ ದಿನ ಆಗ್ನೇಯದಿಂದ ಬನ್ನಿ. ಪೂರ್ವದಿಂದ ಗಾಳಿ ಬೀಸುವ ದಿನ ಆ ಅಟ್ಟಣೆಗೆ ಹೋಗಲೇಬೇಡಿ, ವಾಸನೆ ನೇರ ಆ ಕಾಡಿಗೇ ಹೋಗುತ್ತದೆ. ಜಾಗ ಇಳಿಜಾರಾಗಿದ್ದರೆ ಇನ್ನೊಂದು ತೊಂದರೆ: ಸಂಜೆ ಗಾಳಿ ನಿಂತ ಮೇಲೆ ತಂಪು ಗಾಳಿ ತಗ್ಗಿಗೆ ಇಳಿಯುತ್ತದೆ, ನಿಮ್ಮ ವಾಸನೆಯನ್ನೂ ಹೊತ್ತುಕೊಂಡು. ಹೊಲ ಕೆಳಗಿದ್ದರೆ ಸಂಜೆ ಕೂತು ಪ್ರಯೋಜನ ಕಡಿಮೆ.

ಈ ವರ್ಷವೇ ಮರೆ ಬೇಕಿದ್ದರೆ ಈಜಿಪ್ಷಿಯನ್ ವೀಟ್ ಹಾಕಿ. ಅದು ಗೋಧಿ ಅಲ್ಲ, ನಮ್ಮ ಜೋಳದ ಜಾತಿ. ಮಣ್ಣು ಬೆಚ್ಚಗಾದ ಮೇಲೆ, ಮೇ ಕೊನೆ ಅಥವಾ ಜೂನ್ ಶುರುವಿನಲ್ಲಿ ಬಿತ್ತಿದರೆ ಎಂಟು ಹತ್ತಡಿ ಬೆಳೆಯುತ್ತದೆ. ತುಂಬಾ ಒತ್ತಾಗಿ ಬಿತ್ತಬೇಡಿ, ಕಾಂಡ ಸಣ್ಣಗಾಗಿ ಗಾಳಿಗೆ, ಹಿಮಕ್ಕೆ ಮಲಗಿಬಿಡುತ್ತದೆ. ಅದರ ಪಕ್ಕದಲ್ಲೇ ಸ್ವಿಚ್‌ಗ್ರಾಸ್ ಅನ್ನುವ ಎತ್ತರದ ಹುಲ್ಲು ಹಾಕಿಡಿ. ಎತ್ತರ ಬರಲು ಎರಡು ಮೂರು ವರ್ಷ ಬೇಕು, ಆದರೆ ಮತ್ತೆ ಮತ್ತೆ ಬಿತ್ತುವ ಕೆಲಸ ಇಲ್ಲ. ಮುಸುಕಿನ ಜೋಳ ಮಾತ್ರ ಬೇಡ. ಜಿಂಕೆ ತಿನ್ನುವ ಬೆಳೆಯನ್ನೇ ಮರೆ ಮಾಡಿಕೊಂಡರೆ ಅವುಗಳ ಊಟದ ಪಂಕ್ತಿಯಲ್ಲೇ ನಡೆದ ಹಾಗಾಗುತ್ತದೆ, ಅಲ್ವಾ?

ದಾರಿ ನೇರ ಇರಬಾರದು, ಒಂದೆರಡು ತಿರುವು ಕೊಡಿ. ಸದ್ದಾಗದ ಹಾಗೆ ಒಣಗಿದ ಎಲೆ ಗುಡಿಸಿ ತೆಗೆಯಿರಿ. ಕತ್ತರಿಸಿದ ಹಾದಿಯಲ್ಲಿ ಜಿಂಕೆಗಳೂ ಓಡಾಡಲು ಶುರು ಮಾಡುತ್ತವೆ, ಹಾಗಾಗಿ ಹೊಲದ ಕಡೆಯ ಬಾಯಿಗೆ ಕೊಂಬೆ ಅಡ್ಡ ಹಾಕಿ. ಹಳ್ಳ ಇದ್ದರೆ ಇಷ್ಟೆಲ್ಲ ಬೇಕಿಲ್ಲ, ಅದರೊಳಗೇ ನಡೆದು ಬನ್ನಿ. ನನ್ನನ್ನು ಕೇಳಿದರೆ, ಅಟ್ಟಣೆ ಎಳೆಯುವಂಥದ್ದಾದರೆ ಅದನ್ನೇ ಹೊಲದ ಅಂಚಿಗೆ ತಂದುಬಿಡಿ. ನಡೆಯುವ ದೂರ ಉಳಿಯುತ್ತದೆ.

ಬಹಳ ಜನ ಮರೆಯುವುದು ಏಣಿಯನ್ನು. ನೆಲದ ಮೇಲೆ ಅಡಗಿ ಬಂದು, ಕೊನೆಗೆ ಆಕಾಶಕ್ಕೆ ಎದುರಾಗಿ ಹತ್ತುತ್ತಾರೆ! ಏಣಿ, ಬಾಗಿಲು ಎರಡೂ ಹೊಲಕ್ಕೆ ಬೆನ್ನು ಮಾಡಿರಲಿ. ಸುತ್ತ ಗೋಣಿಬಟ್ಟೆ ಕಟ್ಟಿ. ಏಣಿ ತೆಗೆದು ಹಿಡಿದುಕೊಳ್ಳಲು ಕಂಬಿ ಇರುವ ಮೆಟ್ಟಿಲು ಹಾಕಿಸಿದರೆ ಇನ್ನೂ ಒಳ್ಳೆಯದು. ಬಾಗಿಲ ತಿರುಗಣಿಗೆ ಎಣ್ಣೆ, ಒಳಗೆ ಹಳೇ ಕಾರ್ಪೆಟ್. ಗುಂಡು ತೆಗೆದ ಬಂದೂಕನ್ನು ಹಗ್ಗ ಕಟ್ಟಿ ಮೇಲೆಳೆದುಕೊಳ್ಳಿ, ಕೈಯಲ್ಲಿ ಹಿಡಿದು ಹತ್ತಬೇಡಿ. ಮರೆ ಅಂತ ಕಿತ್ತಳೆ ಜಾಕೆಟ್ ಬಿಡಬೇಡಿ. ಬಂದೂಕಿನ ಸೀಸನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧವಾದರೂ ಕಣ್ಣು ಕೋರೈಸುವ (ಫ್ಲೋರೊಸೆಂಟ್) ಕಿತ್ತಳೆ ಅಥವಾ ಗುಲಾಬಿ ಇರಬೇಕು, ಅದು ಅಲ್ಲಿನ ಕಾನೂನು. ಆ ಬಣ್ಣ ಜಿಂಕೆಗೆ ನಮಗೆ ಕಂಡಷ್ಟು ಎದ್ದು ಕಾಣಲ್ಲ. ನೀಲಿ ಜೀನ್ಸ್ ಮಾತ್ರ ಅದಕ್ಕೆ ಎದ್ದು ಕಾಣುತ್ತದೆ.

(ಊರಲ್ಲಿ ಕೂತು ಓದುತ್ತಿರುವವರಿಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಭಾರತದಲ್ಲಿ ಜಿಂಕೆ ಬೇಟೆ ಅಪರಾಧ. ಈ ಉಪಾಯ ಕ್ಯಾಮೆರಾಗೆ ಬಳಸಿ.)

ಹೋಗುವುದಕ್ಕಿಂತ ಕಷ್ಟ ವಾಪಸ್ ಬರುವುದು. ಕತ್ತಲಾದಾಗ ಹೊಲ ತುಂಬ ಜಿಂಕೆ ಇರುತ್ತವೆ. ಆಗ ಇಳಿದರೆ ಮುಂದಿನ ವಾರಕ್ಕೂ ಆ ಜಾಗ ಕೆಟ್ಟಂತೆ. ಮನೆಯವರಿಗೆ ಫೋನ್ ಮಾಡಿ ಟ್ರಾಕ್ಟರ್ ತರಲು ಹೇಳಿ. ಹೊಲದಲ್ಲಿ ಓಡಾಡುವ ಗಾಡಿ ಅವಕ್ಕೆ ರೂಢಿ, ಸುಮ್ನೆ ಕಾಡಿಗೆ ಸರಿಯುತ್ತವೆ. ಆಮೇಲೆ ಇಳಿಯಿರಿ.