ಓದುಗರ ಪ್ರಶ್ನೆ: ಮಾರ್ಕೆಟಿಂಗ್ ಪಾಠಕ್ಕೆ ನಮ್ಮೂರಿನ ಉದಾಹರಣೆ

ಪ್ರಶ್ನೆ: ದ್ವಿತೀಯ ಪಿಯುಸಿಗೆ ವ್ಯವಹಾರ ಅಧ್ಯಯನ ಪಾಠ ಮಾಡುತ್ತೇನೆ. ಪ್ರಾಡಕ್ಟ್ (ವಸ್ತು), ಪ್ರೈಸ್ (ಬೆಲೆ), ಪ್ಲೇಸ್ (ಮಾರುವ ಜಾಗ), ಪ್ರಮೋಷನ್ (ಪ್ರಚಾರ) ಎಂಬ ನಾಲ್ಕು ‘ಪಿ’ಗಳನ್ನು ಮಕ್ಕಳು ಗಟ್ಟಿ ಮಾಡಿದ್ದಾರೆ. ಒಂದು ವಸ್ತು ಕೊಟ್ಟು ವಿವರಿಸಿ ಎಂದರೆ ತಡವರಿಸುತ್ತಾರೆ. ಏನು ಮಾಡಲಿ?
– ಉಪನ್ಯಾಸಕಿ, ಮುಳಬಾಗಿಲು

ಉತ್ತರ: ಮೇಡಂ, ಹತ್ತು ಕಂಪನಿಗಳ ಉದಾಹರಣೆ ಕೊಟ್ಟರೆ ಮಕ್ಕಳಿಗೆ ಉಳಿಯುವುದು ಹೆಸರುಗಳಷ್ಟೇ. ಒಂದೇ ವಸ್ತು ಹಿಡಿದು ಲೆಕ್ಕ ಸಮೇತ ಕೊನೆಮುಟ್ಟಿಸಿ. ಪಾರಿಭಾಷಿಕ ಪದ ಬೋರ್ಡಿಗೆ ಬರುವುದು ಕೊನೆಯಲ್ಲಿರಲಿ.

ಬೆಲೆಯ ಪಾಠಕ್ಕೆ ನಂದಿನಿ ಹಾಲು ಹೇಳಿ ಮಾಡಿಸಿದ ಹಾಗಿದೆ. 2024ರ ಜೂನ್‌ನಲ್ಲಿ ಕೆಎಂಎಫ್ ಪ್ಯಾಕೆಟ್‌ಗೆ 50 ಮಿ.ಲೀ. ಹೆಚ್ಚಿಸಿ 2 ರೂಪಾಯಿ ಏರಿಸಿತು. ನೀಲಿ ಪ್ಯಾಕೆಟ್ ಒಂದು ಲೀಟರ್‌ಗೆ 42 ಇದ್ದದ್ದು 1,050 ಮಿ.ಲೀ.ಗೆ 44 ಆಯಿತು. ಅರ್ಧ ಲೀಟರ್‌ಗೆ 22 ಇದ್ದದ್ದು 550 ಮಿ.ಲೀ.ಗೆ 24. (ಆಮೇಲೆ ದರ ಬದಲಾಗಿದೆ, ಲೆಕ್ಕಕ್ಕೆ ಆಗಿನದ್ದೇ ಇರಲಿ.) ಲೀಟರ್‌ಗೆ ಎಷ್ಟು ಬಿತ್ತು ಎಂದು ಮಕ್ಕಳಿಂದಲೇ ಭಾಗಾಕಾರ ಮಾಡಿಸಿ. ದೊಡ್ಡ ಪ್ಯಾಕೆಟ್‌ನಲ್ಲಿ 42ರಿಂದ 41.90ಕ್ಕೆ, ಚಿಕ್ಕದರಲ್ಲಿ 44ರಿಂದ 43.64ಕ್ಕೆ ಇಳಿದಿದೆ. ಹಾಗಿದ್ದರೂ ಹಾಲಿನ ದರ ಏರಿತು ಎಂದು ಜನ ಯಾಕಂದರು? ಅರ್ಧ ಲೀಟರ್ ಸಾಕಾಗುವ ಮನೆಗೆ ಆ 50 ಮಿ.ಲೀ. ಬೇಕಿರಲಿಲ್ಲ, ಆದರೂ ತಿಂಗಳಿಗೆ 60 ರೂಪಾಯಿ ಹೆಚ್ಚು ಹೋಯಿತು. ಇಷ್ಟು ಚರ್ಚೆಯಾದ ಮೇಲೆ ‘ಗ್ರಾಹಕ ಮೌಲ್ಯ’ (ಕೊಟ್ಟ ಹಣಕ್ಕೆ ಗ್ರಾಹಕರಿಗೆ ಸಿಕ್ಕ ಪ್ರಯೋಜನ) ಎಂದು ಬರೆದರೆ ಆ ಪದಕ್ಕೆ ಅರ್ಥ ಬರುತ್ತದೆ.

ಮುಂದಿನ ತರಗತಿಗೆ ಕೋಲಾರ ಎಪಿಎಂಸಿಯ ಟೊಮೆಟೊ. 15 ಕೆ.ಜಿ. ಬಾಕ್ಸು 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ಕುಸಿಯಿತು. ಹರಾಜಿನಲ್ಲಿ ಬೆಲೆ ಬೆಳೆದವರ ಕೈಯಲ್ಲಿಲ್ಲ. ಅದೇ ಹಣ್ಣು ಸಾಸ್ ಆಗಿ ಬಾಟಲಿಗೆ ಬಂದರೆ ತಯಾರಕರೇ ಬೆಲೆ ನಿರ್ಧರಿಸಿ ಎಂಆರ್‌ಪಿ ಅಚ್ಚು ಹಾಕುತ್ತಾರೆ. ಇಲ್ಲಿ ಮಕ್ಕಳು ‘ರೈತರೂ ಜಾಹೀರಾತು ಕೊಡಬೇಕು’ ಎಂದುಬಿಡುತ್ತಾರೆ. ಅಲ್ಲೇ ತಡೆಯಿರಿ. ಹಣ್ಣಾದ ಟೊಮೆಟೊ ಹೆಚ್ಚು ದಿನ ನಿಲ್ಲುವುದಿಲ್ಲ. ಗ್ರೇಡಿಂಗ್, ಸಾಗಣೆ, ದಾಸ್ತಾನು ಇಲ್ಲದೆ ಪ್ರಚಾರ ಮಾಡಿ ಏನು ಬಂತು?

ಒಂದು ಎಚ್ಚರಿಕೆ: ಗುಂಪಿಗೊಂದು ‘ಪಿ’ ಹಂಚಬೇಡಿ, ನಂಟು ಕಡಿದುಹೋಗುತ್ತದೆ. ಐದೈದು ಮಕ್ಕಳ ಪ್ರತಿ ಗುಂಪಿಗೂ ನಾಲ್ಕನ್ನೂ ಕೊಟ್ಟು ಒಂದನ್ನು ಬದಲಿಸಿ. ಪ್ಲೇಸ್ ಬದಲಿಸಿ, ಇದೇ ಟೊಮೆಟೊವನ್ನು ಎಪಿಎಂಸಿ ಬದಲು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕೊಟ್ಟರೆ ಉಳಿದ ಮೂರು ಏನಾಗುತ್ತವೆ?

ಪ್ರಶ್ನೆ: ಬಿ.ಕಾಂ. ವಿದ್ಯಾರ್ಥಿಗಳು ಬರೆಯುವ ಜಾಹೀರಾತೆಲ್ಲ ‘ಶುದ್ಧ, ಉತ್ತಮ, ನಂಬರ್ ಒನ್’ ಎಂದೇ ಇರುತ್ತವೆ. ತಿದ್ದುವುದು ಹೇಗೆ?
– ಉಪನ್ಯಾಸಕ, ಚಿಂತಾಮಣಿ

ಉತ್ತರ: ಆ ಸಾಲಿನಲ್ಲಿ ಅಂಗಡಿಯ ಹೆಸರು ಅಳಿಸಿ ಪಕ್ಕದ ಅಂಗಡಿಯದನ್ನು ಬರೆಸಿ. ಆಗಲೂ ಹೊಂದಿದರೆ ಸಾಲು ತಿರಸ್ಕೃತ. ‘ಶುದ್ಧ ಕಡಲೆಕಾಯಿ ಎಣ್ಣೆ’ ಎಲ್ಲರಿಗೂ ಒಪ್ಪುತ್ತದೆ. ‘ನಿಮ್ಮ ಕಡಲೆಬೀಜ ತನ್ನಿ, ಕಣ್ಣೆದುರೇ ಎಣ್ಣೆ ತೆಗೆದುಕೊಡುತ್ತೇವೆ’ ಎನ್ನುವುದು ಹಾಗೆ ಮಾಡುವ ಗಾಣದವರಿಗೆ ಮಾತ್ರ.

ನಂತರ ಜಾಹೀರಾತು ಬರೆದ ಚಾರ್ಟನ್ನು ಐದು ಸೆಕೆಂಡು ತೋರಿಸಿ ಮಡಚಿ, ಹಿಂದಿನ ಬೆಂಚಿನವರಿಗೆ ಏನು ನೆನಪಿದೆ ಎಂದು ಕೇಳಿ. ಹೋಗುವ ಬಸ್ಸಿನಿಂದ ಗೋಡೆಬರಹ ನೋಡುವವರಿಗೆ ಸಿಗುವುದೂ ಅಷ್ಟೇ ಸಮಯ. ಫೋನ್ ನಂಬರ್, ವಿಳಾಸ, ಮೂರು ಕೊಡುಗೆ ಎಲ್ಲ ತುರುಕಿದ್ದರೆ ಒಂದೂ ಉಳಿದಿರುವುದಿಲ್ಲ.

‘ನಂಬರ್ ಒನ್’ ಎಂದು ಬರೆದವರಿಗೆ ‘ಯಾರ ಲೆಕ್ಕದಲ್ಲಿ?’ ಎಂದು ಕೇಳಿ ಆಧಾರ ತರಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.